ಬಾಗಿಲ ಹಿಂದಿನ ಒಂದು ಗೇಣು

ನಾನು ಮೀಟರ್ ಗೇಜಿನ ಒಂದು ಮರದ ಬೋಗಿ. ಹುಬ್ಬಳ್ಳಿಯ ಕಾರ್ಖಾನೆಯಲ್ಲಿ ಸಾಗುವಾನಿ ಹಲಗೆ ಕೂಡಿಸಿ ನನ್ನನ್ನು ಕಟ್ಟಿದರು. ಐದು ಖಾನೆ, ಒಂದೊಂದಕ್ಕೂ ಅದರದೇ ಬಾಗಿಲು. ಒಳಗಿಂದೊಳಗೆ ದಾರಿಯಿಲ್ಲ. ಮೂರನೆಯ ಖಾನೆಯ ಜಗಳ ನಾಲ್ಕನೆಯದಕ್ಕೆ ಕೇಳುತ್ತಿತ್ತೇ ಹೊರತು ಕಾಣುತ್ತಿರಲಿಲ್ಲ.

ನನಗೆ ಓದು ಬಾರದು. ಬಣ್ಣದವರು ಆಗಾಗ ಬಂದು ಹಳೆಯ ಹೆಸರು ಉಜ್ಜಿ ಹೊಸದು ಬರೆಯುತ್ತಿದ್ದರು. ಯಜಮಾನರು ಬದಲಾದರೆಂದು ಕುಂಚದ ಕಚಗುಳಿಯಿಂದಲೇ ತಿಳಿಯಬೇಕು. ಯಾವ ರೈಲ್ವೆಯವನಪ್ಪಾ ನಾನು ಎಂಬ ಕುತೂಹಲ ಹಾಗೇ ಉಳಿಯಿತು.

ವಯಸ್ಸಾದ ಮೇಲೆ ಬೀರೂರು ಯಾರ್ಡಿನ ಕೊನೆಯ ಹಳಿಗೆ ತಳ್ಳಿದರು. ಗ್ಯಾಂಗ್‌ಮನ್ ಒಬ್ಬನ ಹೆಂಡತಿ ಲಕ್ಕಮ್ಮ ಮೊದಲ ಖಾನೆಯಲ್ಲಿ ಒಲೆ ಹೂಡಿದಳು. ಬಾಗಿಲ ಹಿಂದೆ ಹಲಗೆ ಹೊಡೆಸಿ ಮೆಣಸಿನಪುಡಿ ಡಬ್ಬ ಇಟ್ಟಳು. ಹನ್ನೊಂದು ವರ್ಷ ಕಳೆಯಿತು.

ಊರಿಗೆ ಬ್ರಾಡ್ ಗೇಜಿನ ಅಗಲ ಹಳಿ ಬರುವ ಹೊತ್ತಿಗೆ ವಸುಂಧರಾ ಎಂಬ ರೈಲ್ವೆ ಅಧಿಕಾರಿ ಬಂದರು. ಜೊತೆಗೆ ನಿವೃತ್ತ ಪೇಂಟರ್ ಬುಡೇನ್ ಸಾಬರು.

"ಮೈಸೂರು ರೈಲ್ವೆಲಿ ಓಡಿದ್ದು ಅನ್ನೋ ಗುರುತು ಸಿಕ್ಕಿದ್ರೆ ಮ್ಯೂಸಿಯಮ್ಮಿಗೆ. ಇಲ್ದಿದ್ರೆ ಸೋಮವಾರ ಸೌದೆಗೆ ಹರಾಜು. ಕಾಗದ ಎಲ್ಲಾ ಗೆದ್ದಲು ತಿಂದಿದೆ, ಸಾಬ್ರೇ."

ಸಾಬರು ನನ್ನ ಮೈ ಸವರಿದರು. ಆ ಅಂಗೈ ನನಗೆ ಗುರುತಿತ್ತು.

"ಕಾಗದ ಯಾಕೆ ಮೇಡಮ್ಮೋರೆ? ಮೊದಲ ಬಾಗಿಲ ಹಿಂದೆ ಒಂದು ಗೇಣು ಜಾಗ ಯಾರೂ ಬಳಿಯಾಂಗಿಲ್ಲ. ಅಲ್ಲಿ ಅವನವನ ಬಣ್ಣದ್ದು ಒಂದು ಬೆರಳಗಲ ಪಟ್ಟಿ ಎಳೆದು, ಬೋಗಿ ಯಾರದು ಅಂತ ಬರೀಬೇಕು. ರಿಪೇರಿಗೆ ಬಣ್ಣ ಹೊಂದಿಸೋಕೆ. ನಮ್ಮ ಉಸ್ತಾದ್ ಕಲಿಸಿದ ರೂಢಿ."

ಲಕ್ಕಮ್ಮ ಅಡ್ಡ ನಿಂತಳು. "ನನ್ನ ಹಲಗೆ ಮುಟ್ಟೀರಾ, ಜೋಕೆ! ಡಬ್ಬನ ನಿಮ್ಮ ತಲೆ ಮೇಲೆ ಇಡ್ಲಾ?"

"ಇಡವ್ವ. ತಲೆಯಾದ್ರೂ ಖಾರ ಆಗ್ಲಿ."

ಅವಳು ನಕ್ಕಳು. ಹಲಗೆ ಕಿತ್ತರು. ಸಾಬರು ಮೆಣಸಿನಪುಡಿಯ ಧೂಳೊರೆಸಿ ಸೀನುತ್ತ ಓದಿದರು: "ಎಂ.ಎಸ್.ಎಂ. ಇದು ಮದ್ರಾಸಿನ ಕಂಪನಿದು, ನಾನು ಹುಟ್ಟೋಕೂ ಮುಂಚಿಂದು. ಎಂ.ಎಸ್.ಆರ್... ನೋಡಿ ಮೇಡಮ್ಮೋರೆ, ಮೈಸೂರು! ಎಸ್.ಆರ್., ದಕ್ಷಿಣ ರೈಲ್ವೆ. ಇದು ನನ್ನದೇ ಕೈ."

ಇಷ್ಟು ವರ್ಷಕ್ಕೆ ನನ್ನ ಹೆಸರುಗಳನ್ನು ನಾನು ಕೇಳಿದೆ.

ಲಕ್ಕಮ್ಮನಿಗೆ ಕ್ವಾರ್ಟರ್ಸ್ ಸಿಕ್ಕಿತು, ನನಗೆ ಮ್ಯೂಸಿಯಮ್ಮಿನ ನೆರಳು. ಬಣ್ಣ ಬಳಿಯಲು ಸಾಬರನ್ನೇ ಕರೆಸಿದರು. ಕೊನೆಗೆ ಅವರು ಬಾಗಿಲ ಹಿಂದೆ ಕುಕ್ಕರಗಾಲಲ್ಲಿ ಕೂತು ನಾಲ್ಕನೆಯ ಪಟ್ಟಿ ಎಳೆದು, ಏನೋ ಬರೆದರು. ವಸುಂಧರಾ ಬಗ್ಗಿ ಓದಿದರು.

"ಲಕ್ಕಮ್ಮ... ಇದು ಯಾವ ರೈಲ್ವೆ, ಸಾಬ್ರೇ?"

"ಬೋಗಿ ಯಾರದಾಗಿತ್ತೋ ಅವರ ಹೆಸರು ಬರೀಬೇಕಲ್ವಾ, ಮೇಡಮ್ಮೋರೆ."

ವಸುಂಧರಾ ಅಳಿಸೆನ್ನಲಿಲ್ಲ. ಈಗ ನೋಡಲು ಬರುವವರು ಅಲ್ಲಿ ಬಗ್ಗಿ, ಮೂರು ರೈಲ್ವೆಗಳನ್ನು ಸಲೀಸಾಗಿ ಓದುತ್ತಾರೆ. ನಾಲ್ಕನೆಯ ಹೆಸರಿಗೆ ಬರುವಷ್ಟರಲ್ಲಿ, ಸಂದಿಯಲ್ಲಿ ಉಳಿದ ಖಾರಕ್ಕೆ ಸೀನುತ್ತಾರೆ.