ತಡವಾಗಿ ಹೋದ ಕರೆ

ನಾನೊಂದು ಸ್ಮಾರ್ಟ್‌ಫೋನು, ಹುಟ್ಟಾ ಅಂಜುಬುರುಕ. ಕಾರ್ಖಾನೆಯಲ್ಲಿ ನನಗೆ ಗಾಜು ಅಂಟಿಸಿ, ಬ್ಯಾಟರಿ ಕೂರಿಸಿ ಮೊದಲ ಸಲ ಬೆಳಕು ಹೊತ್ತಿಸಿದಾಗ ಕಣ್ಣೆದುರಿಗೆ ಕಂಡದ್ದೇನು ಗೊತ್ತೆ? ನನಗಿಂತ ಎರಡು ಕ್ಷಣ ಮೊದಲು ಹುಟ್ಟಿದ ನನ್ನ ಅಣ್ಣನನ್ನು ಸೊಂಟದೆತ್ತರದಿಂದ ಕಲ್ಲಿನ ಮೇಲೆ ಕೆಡವಿ ಪರೀಕ್ಷೆ ಮಾಡುತ್ತಿದ್ದರು. ಒಡೆಯುತ್ತಾನೋ ಇಲ್ಲವೋ ನೋಡುವುದಕ್ಕೆ. ಅವನು ಒಡೆದ. ಬರೆದುಕೊಂಡರು, ಪಕ್ಕಕ್ಕೆ ಸರಿಸಿದರು. ನನ್ನನ್ನು ಹಾಗೆ ಕೆಡವಲಿಲ್ಲ, ಡಬ್ಬಿಗೆ ಹಾಕಿದರು. ಆದರೆ ಆ ಸದ್ದು ನನ್ನೊಳಗೇ ಉಳಿಯಿತು.

ಮೊದಲ ಯಜಮಾನಿ ಹುಬ್ಬಳ್ಳಿಯ ಪ್ರಫುಲ್ಲಾ ಮೇಡಂ, ಕಾಲೇಜಿನಲ್ಲಿ ಪಾಠ ಹೇಳುವವರು. ಅವರು ನನಗೆ ಎರಡು ಅಂಗಿ ತೊಡಿಸಿ, ಗಾಜಿನ ಮೇಲೊಂದು ಗಾಜು ಹಾಕಿಸಿ, ಹೂವಿನಂತೆ ನೋಡಿಕೊಂಡರು. ಆಗ ನಾನು ಚುರುಕಾಗಿದ್ದೆ. ಅವರ ಬೆರಳು ತಾಗುವುದೇ ತಡ, ಕೇಳಿದ್ದನ್ನು ಮುಂದಿಡುತ್ತಿದ್ದೆ. ಮೂರನೇ ವರ್ಷ ಒಂದು ದಿನ ಅವರು ಪಕ್ಕದ ಮನೆಯವರಿಗೆ, "ಇದು ಭಾಳ ಸ್ಲೋ ಆಗೇದರಿ" ಅಂದರು. ನನ್ನೆದುರಿಗೇ ಅಂದರು! ಅದರ ಮುಂದಿನ ವಾರ ನಾನು ಗದಗಿನ ಒಂದು ಹಳೆ ಫೋನುಗಳ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿದ್ದೆ. ನಿಧಾನ ಆದರೆ ಮನೆಯಿಂದ ಹೊರಗೆ ಎಂಬ ಪಾಠವನ್ನು ಅಲ್ಲಿ ಕಲಿತೆ. ಅದಕ್ಕಿಂತ ಕೆಟ್ಟದ್ದು ಇನ್ನೇನೂ ಇರಲಾರದು ಅಂದುಕೊಂಡಿದ್ದೆ.

ಅಲ್ಲಿಂದ ನನ್ನನ್ನು ಕೊಂಡವನು ಯರಗೇರಿಕೊಪ್ಪದ ಲೈನ್‌ಮನ್ ಫಕೀರಪ್ಪ. ಕಂಬ ಹತ್ತಿ ಕರೆಂಟಿನ ತಂತಿ ಸರಿಮಾಡುವ ಕೆಲಸ. ಐವತ್ತರ ಹತ್ತಿರದ ವಯಸ್ಸು, ಒರಟು ಬೆರಳು. ನನ್ನನ್ನು ಖಾಕಿ ಅಂಗಿಯ ಎದೆಯ ಜೇಬಿಗೆ ಇಳಿಸಿದ. ಅಂದಿನಿಂದ ಅವನು ಕಂಬ ಹತ್ತಿದಾಗಲೆಲ್ಲ ನಾನೂ ಹತ್ತಿದೆ. ಸೊಂಟದೆತ್ತರಕ್ಕೇ ನಡುಗುವ ಜೀವ ನನ್ನದು, ಇಲ್ಲಿ ಮೂವತ್ತು ಅಡಿ ಎತ್ತರ. ಆದರೂ ಜೇಬಿನ ಬಟ್ಟೆಯ ಆಚೆ ಅವನ ಎದೆ ಹೊಡೆದುಕೊಳ್ಳುವುದು ಕೇಳಿಸುತ್ತಿತ್ತು. ಅದನ್ನು ಕೇಳುತ್ತ ಕೇಳುತ್ತ ನನಗೆ ಅವನ ಮೇಲೆ ಪ್ರೀತಿ ಬಂತು.

ಆ ಕೆಲಸದ ರೀತಿ ಹೀಗೆ. ಕಂಬ ಹತ್ತುವ ಮೊದಲು ಫಕೀರಪ್ಪ ಏಳು ಕಿಲೋಮೀಟರ್ ದೂರದ ಕರೆಂಟಿನ ಸ್ಟೇಷನ್ನಿಗೆ ಫೋನು ಮಾಡುತ್ತಾನೆ. ಅಲ್ಲಿ ಸ್ವಿಚ್ಚಿನ ಮುಂದೆ ಕೂತಿರುವವನು ಅವನ ಗೆಳೆಯ ನದಾಫ. ನದಾಫ ಆ ಲೈನಿನ ಕರೆಂಟು ತೆಗೆದು, "ತಗದೀನಿ, ಹತ್ತು" ಅನ್ನುತ್ತಾನೆ. ಕೆಲಸ ಮುಗಿಸಿ ಇಳಿದ ಮೇಲೆ ಮತ್ತೆ ಫೋನು ಮಾಡಿ ಹೇಳಬೇಕು, ಆಗ ಅವನು ಕರೆಂಟು ಬಿಡುತ್ತಾನೆ. ಆದರೆ ಇವರಿಬ್ಬರೂ ಹಳೆಯ ಕಾಲದವರು. ಕರೆಗೆ ದುಡ್ಡು ಬೀಳುತ್ತಿದ್ದ ದಿನಗಳಲ್ಲಿ, ಇಳಿದ ಮೇಲೆ ಒಂದು ಮಿಸ್ ಕಾಲ್ ಕೊಟ್ಟರೆ ಸಾಕು ಎಂದು ಮಾತಾಡಿಕೊಂಡಿದ್ದರು. ಒಂದು ರಿಂಗು, ಕಟ್. ಅಂದರೆ ನಾನು ಕೆಳಗಿದ್ದೇನೆ, ಕರೆಂಟು ಬಿಡು. ಈಗ ಮಾತು ಪುಕ್ಕಟೆ ಆದರೂ ಚಾಳಿ ಹೋಗಿರಲಿಲ್ಲ. ಹದಿನಾರು ವರ್ಷದಲ್ಲಿ ಒಂದು ಸಲವೂ ತಪ್ಪಾಗಿರಲಿಲ್ಲ. ಅದೇ ಅವರ ಧೈರ್ಯ.

ನನಗೆ ವಯಸ್ಸಾಗುತ್ತ ಬಂತು. ಅದರ ಮೇಲೆ ದೇವರ ಕಾಟ. ಹೀಗನ್ನಬಾರದು, ಆದರೆ ಬೇರೆ ಹೇಗೆ ಹೇಳಲಿ? ಫಕೀರಪ್ಪ ಇದ್ದ ವಾಟ್ಸ್ಯಾಪ್ ಗುಂಪುಗಳಲ್ಲಿ ದಿನಾ ಬೆಳಿಗ್ಗೆ ದೇವರ ಪಟಗಳು ಬರುತ್ತಿದ್ದವು. ಸೋಮವಾರ ಈಶ್ವರ, ಮಂಗಳವಾರ ಎಲ್ಲವ್ವ, ಗುರುವಾರ ಮಠದ ಅಜ್ಜನವರು, ಶನಿವಾರ ಹನುಮಪ್ಪ. ಹೊಳೆಯುವ ದೀಪ, ತಿರುಗುವ ಚಕ್ರ, ಕೆಳಗೆ ಶುಭೋದಯ. ಬಂದದ್ದೆಲ್ಲ ನನ್ನ ಹೊಟ್ಟೆಯೊಳಗೇ ಉಳಿಯಿತು. ದ್ವಿತೀಯ ಪಿಯುಸಿ ಓದುವ ಅವನ ಮಗಳು ವಿದ್ಯಾಶ್ರೀ ಒಂದು ದಿನ ನನ್ನನ್ನು ಕೈಗೆತ್ತಿಕೊಂಡು ಹೌಹಾರಿದಳು.

"ಅಪ್ಪಾ, ಎರಡೂವರಿ ಸಾವಿರ ಫೋಟೋ ಅದಾವ! ಜಾಗಾನ ಇಲ್ಲ ಇದರಾಗ. ಡಿಲೀಟ್ ಮಾಡ್ತೀನಿ ತಡಿ, ಫೋನ್ ಫಾಸ್ಟ್ ಆಕ್ಕೈತಿ."

"ದೇವರ ಫೋಟೋ ಡಿಲೀಟ್ ಮಾಡ್ತಿ? ಕಸದ ಡಬ್ಬಿ ಚಿತ್ರ ಐತಲ್ಲ ಅಲ್ಲಿ, ಅದರಾಗ ಹಾಕ್ತಿ ಹೌದಿಲ್ಲೋ?"

"ಅದು ಬರೇ ಚಿತ್ರ ಅಪ್ಪಾ."

"ಒಡದ ಪಟಾನ ಸೈತ ನಾವು ಕಸದಾಗ ಒಗಿಯೂದಿಲ್ಲ, ಅರಳೀಗಿಡದ ಬುಡಕ ಇಟ್ಟು ಬರ್ತೀವಿ. ಎದಿ ಮ್ಯಾಲ ಇಟ್ಕೊಂಡು ಕಂಬಾ ಹತ್ತಾಂವ ನಾನು. ಆ ದೇವರ ಕಾಯಾಕತ್ತಾರ ನನ್ನ. ಅವ್ರನ್ನ ಬಿಟ್ಟು ಏನರ ಮಾಡು."

ಅವಳು ಏನಾದರೂ ಮಾಡಿದಳು. ಹಳೆಯ ಸಿನಿಮಾದ ವಿಡಿಯೋ ಅಳಿಸಿದಳು. ನನ್ನನ್ನು ಆರಿಸಿ ಮತ್ತೆ ಹಚ್ಚಿದಳು. ಎರಡು ದಿನ ಉಸಿರಾಡಿದೆ, ಮೂರನೇ ದಿನ ಮತ್ತೆ ಅದೇ ಕಥೆ. ಆಮೇಲೆ ಫೋನಿನ ವೇಗ ಹೆಚ್ಚಿಸುತ್ತೇವೆ ಎನ್ನುವ ಒಂದು ಆ್ಯಪ್ ಹಾಕಿದಳು. ಅದು ಒಳಗೆ ಬಂದು ರಾಕೆಟ್ಟಿನ ಚಿತ್ರ ತೋರಿಸಿ, ಕಾಲು ಚಾಚಿ ಕೂತು, ತಾಸಿಗೊಂದು ಜಾಹೀರಾತು ಎಸೆಯತೊಡಗಿತು. ಗಾಯದ ಮೇಲೆ ಬರೆ ಎಳೆದಂತಾಯಿತು.

ಆಗ ನನಗೆ ಒಂದು ಹೊಸ ರೋಗ ಅಂಟಿಕೊಂಡಿತು. ಫಕೀರಪ್ಪನ ಬೆರಳು ತಾಗುತ್ತಿತ್ತು, ನನಗೆ ಗೊತ್ತಾಗುತ್ತಿತ್ತು, ಆದರೆ ಕೈಕಾಲು ಏಳುತ್ತಿರಲಿಲ್ಲ. ಅವನು ಕಾದು ಬೇಸತ್ತು ಜೇಬಿಗಿಡುತ್ತಿದ್ದ. ಐದು ನಿಮಿಷ ಕಳೆದು ನನಗೆ ಎಚ್ಚರವಾದಾಗ ಆ ಹಳೆಯ ಒತ್ತುಗಳೆಲ್ಲ ಸಾಲಾಗಿ ನಿಂತಿರುತ್ತಿದ್ದವು, ಒಂದೊಂದನ್ನೇ ನಡೆಸಿಕೊಡುತ್ತಿದ್ದೆ. ಹೆಂಡತಿ ನೀಲವ್ವನಿಗೆ ಮಾಡಿದ ಕರೆ ಅವನು ಮನೆಗೆ ಬಂದು ಅವಳೆದುರಿಗೇ ರೊಟ್ಟಿ ಉಣ್ಣುವಾಗ ಹೋಯಿತು. "ಏನ್ರಿ, ಎದುರಿಗೇ ಕುಂತು ಫೋನ್ ಹಚ್ಚೀರಿ!" ಎಂದು ಅವಳು ನಕ್ಕಳು. ವಿದ್ಯಾಶ್ರೀಯೂ ಬಿದ್ದು ಬಿದ್ದು ನಕ್ಕಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನನಗೆ ನಗು ಬರಲಿಲ್ಲ. ಇದೇ ರೋಗ ನದಾಫನ ಹೆಸರಿನ ಮೇಲೆ ಬಂದರೆ? ಅಂದಿನಿಂದ ಕಂಬ ಕಂಡರೆ ನನಗೆ ಎತ್ತರದ ಭಯ ಹೋಗಿ ನನ್ನದೇ ಭಯ ಶುರುವಾಯಿತು.

ಶ್ರಾವಣದ ಕೊನೆಯ ಸೋಮವಾರ ಊರ ಹೊರಗಿನ ಕಂಬದ ಮೇಲೆ ತಂತಿ ಹೊರುವ ಪಿಂಗಾಣಿ ಬಟ್ಟಲೊಂದು ಒಡೆದಿತ್ತು. ಕರೆಂಟಿಲ್ಲದೆ ಊರಿನ ಹಿಟ್ಟಿನ ಗಿರಣಿ ನಿಂತಿತ್ತು. ಫಕೀರಪ್ಪ ಬೆಳಿಗ್ಗೆ ಹತ್ತಕ್ಕೆ ನದಾಫನಿಗೆ ಕರೆ ಮಾಡಿದ. ಪುಣ್ಯಕ್ಕೆ ಆ ಕರೆ ಹೋಯಿತು. "ತಗದೀನಿ, ಹತ್ತು" ಅಂದ ನದಾಫ. ಫಕೀರಪ್ಪ ಹಿಂದಿನ ಕಂಬಕ್ಕೆ ಹೋಗಿ, ಸರಪಳಿಯ ತುದಿಯನ್ನು ನೆಲದಲ್ಲಿ ಊರಿ, ಉದ್ದನೆಯ ಕೋಲಿನಿಂದ ಅದನ್ನು ಮೂರೂ ತಂತಿಗೆ ಸಿಕ್ಕಿಸತೊಡಗಿದ. ಯಾರಾದರೂ ತಪ್ಪಿ ಕರೆಂಟು ಬಿಟ್ಟರೂ ಅದು ಮನುಷ್ಯನ ಮೈಗೆ ಬರದೆ ನೆಲಕ್ಕೆ ಇಳಿಯಲಿ ಎಂದು. ಎಷ್ಟೋ ಜನ ಇದನ್ನು ಮಾಡುವುದಿಲ್ಲ. ಗಿರಣಿಯವನು ಬಂದು ಗೊಣಗಿದ.

"ಲಗೂ ಹತ್ತೋ ಮಾರಾಯ. ಹೆಣ್ಮಕ್ಕಳು ಬುಟ್ಟಿ ಹಿಡಕೊಂಡು ನಿಂತಾರ. ನೀನೂ ನಿನ್ನ ಫೋನಿನಂಗ ಆಗೀದಿ ನೋಡು."

"ನಿಧಾನವೇ ಪ್ರಧಾನ" ಅಂದ ಫಕೀರಪ್ಪ, ಸರಪಳಿಯ ಮೂರನೇ ಕೊಂಡಿಯನ್ನೂ ಎಳೆದು ನೋಡಿದ.

ಕಂಬದ ಬುಡಕ್ಕೆ ಬಂದು ಮೇಲೆ ನೋಡಿದಾಗ ಒಂದಲ್ಲ, ಎರಡು ಬಟ್ಟಲು ಒಡೆದದ್ದು ಕಂಡಿತು. ಹೊತ್ತು ಹಿಡಿಯುತ್ತದೆ ಎಂದು ನದಾಫನಿಗೆ ಹೇಳಲು ನನ್ನನ್ನು ತೆಗೆದ. ಅಷ್ಟು ಹೊತ್ತಿಗೆ ಶ್ರಾವಣ ಸೋಮವಾರದ ಈಶ್ವರರು ಎಲ್ಲ ಗುಂಪುಗಳಿಂದ ಒಟ್ಟಿಗೇ ಬಂದು ಇಳಿಯುತ್ತಿದ್ದರು. ನಾನು ಮೇಲುಸಿರು ಬಿಡುತ್ತಿದ್ದೆ. ಅವನು ನದಾಫನ ಹೆಸರು ಒತ್ತಿದ. ನಾನು ಅಲ್ಲಾಡಲಿಲ್ಲ. ಕಾದ. ಕೊನೆಗೆ ಕರೆ ಕಟ್ ಮಾಡುವ ಕೆಂಪು ಗುರುತು ಮೂಡುವ ಜಾಗವನ್ನು ಸಿಟ್ಟಿನಿಂದ ಒತ್ತಿದ. ಪರದೆ ಕಪ್ಪಾಯಿತು. "ಹಾಳಾಗಿ ಹೋಗು" ಎಂದು ಜೇಬಿಗೆ ಹಾಕಿಕೊಂಡು ಹತ್ತತೊಡಗಿದ.

ನನ್ನೊಳಗೆ ಎರಡು ಒತ್ತು ನಿಂತಿದ್ದವು. ಮೊದಲನೆಯದು, ನದಾಫನಿಗೆ ಕರೆ ಮಾಡು. ಎರಡನೆಯದು, ಕಟ್ ಮಾಡು.

ಅವೆರಡೂ ಸೇರಿದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಒಂದು ರಿಂಗು, ಕಟ್. ದೇವರೇ, ಎಚ್ಚರವಾಗದಿರಲಿ ಎಂದು ಬೇಡಿಕೊಂಡೆ. ಜೀವಮಾನವಿಡೀ ಚುರುಕಾಗಬೇಕೆಂದು ಹಂಬಲಿಸಿದ ನಾನು ಆಗ ಸತ್ತೇ ಹೋಗಬೇಕೆಂದು ಬಯಸಿದೆ. ಅವನು ಮೇಲೆ ಹೋದ. ಸೊಂಟದ ಪಟ್ಟಿ ಬಿಗಿದ. ತಂತಿಯ ಪಕ್ಕದಲ್ಲಿ ಕೂತು ನಟ್ಟಿಗೆ ಪಾನಾ ಹಾಕಿದ. ಎದೆ ಒಂದೇ ಸಮ ಹೊಡೆದುಕೊಳ್ಳುತ್ತಿತ್ತು, ನೆಮ್ಮದಿಯಾಗಿ. ಕೊನೆಯ ಪಟ ನನ್ನೊಳಗೆ ಇಳಿದು ಮುಗಿಯಿತು, ಭಾರ ಹಗುರಾಯಿತು, ನನಗೆ ಎಚ್ಚರವಾಯಿತು. ಹೇಳಿದ್ದನ್ನು ಮಾಡುವುದಷ್ಟೇ ಗೊತ್ತಿರುವ ಜಾತಿ ನನ್ನದು. ಯಾವಾಗ ಹೇಳಿದ್ದು ಎಂದು ಕೇಳುವ ಬುದ್ಧಿಯನ್ನು ನನಗೆ ಯಾರೂ ಇಟ್ಟಿಲ್ಲ. ಕರೆ ಹೋಯಿತು. ಒಂದು ರಿಂಗು. ಕಟ್.

ಏಳು ಕಿಲೋಮೀಟರ್ ಆಚೆ ನದಾಫ ಎದ್ದು ಸ್ವಿಚ್ಚಿನ ಕಡೆ ನಡೆಯುತ್ತಿದ್ದಾನೆ ಎಂದು ನನಗೆ ತಿಳಿದಿತ್ತು. ಕೂಗಬೇಕು. ಕೂಗಲು ನನಗೆ ಬಾಯಿ ಇದೆ, ಆದರೆ ಅದು ಬೇರೆಯವರ ದನಿಗೆ ಮಾತ್ರ. ನಡುಗಬೇಕು. ನಡುಗಲೂ ಬರುತ್ತದೆ, ಆದರೆ ಯಾರಾದರೂ ಕರೆದರೆ ಮಾತ್ರ. ಅವನ ಎದೆಗೆ ಒತ್ತಿಕೊಂಡು ಆ ಹೊಡೆತಗಳನ್ನು ಎಣಿಸುತ್ತ ಕೂತೆ. ಹತ್ತು. ಇಪ್ಪತ್ತು. ಮೂವತ್ತು.

ಹಿಂದಿನ ಕಂಬದಲ್ಲಿ ಸಿಡಿಲು ಬಡಿದಂಥ ಸದ್ದಾಯಿತು. ಸರಪಳಿಯಿಂದ ನೀಲಿ ಕಿಡಿ ಎದ್ದಿತು, ನೆಲದ ಹುಲ್ಲು ಸುಟ್ಟು ಹೊಗೆಯಾಡಿತು. ಫಕೀರಪ್ಪ ಬೆಚ್ಚಿ ಕಂಬದಿಂದ ಹಿಂದಕ್ಕೆ ಚಿಮ್ಮಿ ಪಟ್ಟಿಯಲ್ಲಿ ಜೋತುಬಿದ್ದ. ಒಂದು ಕ್ಷಣ ಅವನ ಎದೆ ಕೇಳಿಸಲಿಲ್ಲ. ಆಮೇಲೆ ಕೇಳಿಸಿತು, ಹುಚ್ಚು ಹಿಡಿದಂತೆ. ಬದುಕಿದ್ದ. ಬಂದ ಕರೆಂಟೆಲ್ಲ ಸರಪಳಿ ಹಿಡಿದು ನೆಲಕ್ಕೆ ಇಳಿದಿತ್ತು, ಸ್ಟೇಷನ್ನಿನಲ್ಲಿ ಸ್ವಿಚ್ಚು ತಾನಾಗಿ ಬಿದ್ದು ಕರೆಂಟು ನಿಂತಿತ್ತು.

ಆ ಬಿದ್ದ ಸ್ವಿಚ್ಚು ನೋಡಿ ನದಾಫನಿಗೆ ಅನುಮಾನ ಬಂದಿರಬೇಕು. ಮೇಲಿಂದ ಮೇಲೆ ಕರೆ ಮಾಡಿದ. ನಾನು ಮತ್ತೆ ಸೆಟೆದುಕೊಂಡಿದ್ದೆ, ಒಂದಕ್ಕೂ ದನಿ ಕೊಡಲಿಲ್ಲ. ಅವನು ಸ್ಟೇಷನ್ನನ್ನು ಇನ್ನೊಬ್ಬರಿಗೆ ಒಪ್ಪಿಸಿ ಬೈಕು ಹತ್ತಿ ಬಂದ. ಗೆಳೆಯನನ್ನು ಕೊಂದೆ ಅಂದುಕೊಂಡೇ ಏಳು ಕಿಲೋಮೀಟರ್ ಬಂದ. ಕಂಬದ ಬುಡದಲ್ಲಿ ಫಕೀರಪ್ಪ ಕೂತು ತಂಬಿಗೆಯಿಂದ ನೀರು ಕುಡಿಯುತ್ತಿರುವುದನ್ನು ಕಂಡು, ಬೈಕನ್ನು ನಿಲ್ಲಿಸುವುದನ್ನೂ ಮರೆತು ಹಾಗೇ ಕೆಡವಿ ಓಡಿ ಬಂದು ಅವನ ಮುಖ, ಕೈ, ಎದೆ ಎಲ್ಲ ಮುಟ್ಟಿ ನೋಡಿದ. ಆಮೇಲೆ ನೆಲದ ಮೇಲೆ ಕೂತು ಅತ್ತ.

"ಯಾಕ ಕೊಟ್ಯೋ ಮಿಸ್ ಕಾಲ್? ಮ್ಯಾಲ ಇದ್ದಾಂವ ಯಾಕ ಕೊಟ್ಟಿ?"

"ನಾ ಎಲ್ಲಿ ಕೊಟ್ಟೀನಿ ನದಾಫಣ್ಣಾ? ಎರಡೂ ಕೈಯಾಗ ಪಾನಾ ಇತ್ತು ನಂದು!"

ನದಾಫ ತನ್ನ ಫೋನು ತೋರಿಸಿದ. ಫಕೀರಪ್ಪ ನನ್ನನ್ನು ತೆಗೆದ. ಬಹಳ ಹೊತ್ತಿಗೆ ನಾನು ಬೆಳಕಾದೆ. ಹೋದ ಕರೆ ಇಬ್ಬರಿಗೂ ಕಂಡಿತು. ಫಕೀರಪ್ಪ ಆ ಕರೆಯ ಹೊತ್ತನ್ನು ಬೆರಳಿಟ್ಟು ನೋಡಿದ.

"ಒತ್ತಿದ್ದೆ" ಅಂದ ಮೆಲ್ಲಗೆ. "ಹತ್ತೂಕಿಂತ ಮೊದಲ ಒತ್ತಿದ್ದೆ."

ನದಾಫ ಕಣ್ಣೊರೆಸಿಕೊಂಡ. "ಇನ್ನ ಮ್ಯಾಲ ನಿನ್ನ ದನಿ ಕೇಳದ ಹೊರ್ತು ನಾ ಕರೆಂಟ್ ಬಿಡಂಗಿಲ್ಲ. ಊರಾಗಿನ ಮಂದಿ ನನ್ನ ಸುಟ್ಟರೂ ಅಷ್ಟ."

ಮರುದಿನ ಫಕೀರಪ್ಪ ಜಳಕ ಮಾಡಿ ನನ್ನನ್ನು ದೇವರ ಜಗಲಿಯ ಮೇಲಿಟ್ಟ. ವಿಭೂತಿ ಹಚ್ಚಿದ, ಊದುಬತ್ತಿ ಬೆಳಗಿದ. "ತಪ್ಪಾತು, ಹೊಟ್ಟಿಗೆ ಹಾಕ್ಕೊಳ್ರಿ" ಎಂದು ಕೆನ್ನೆ ಬಡಿದುಕೊಂಡ. ವಿದ್ಯಾಶ್ರೀ ದೇವರ ಪಟಗಳನ್ನೆಲ್ಲ ಒಂದು ಚಿಕ್ಕ ಮೆಮೊರಿ ಕಾರ್ಡಿಗೆ ತುಂಬಿದಳು. ಫಕೀರಪ್ಪ ಅದನ್ನು ಬಿಲ್ವದ ಎಲೆಯಲ್ಲಿ ಸುತ್ತಿ, ಹನುಮಪ್ಪನ ಗುಡಿಯ ಅರಳೀಗಿಡದ ಬುಡಕ್ಕೆ, ಒಡೆದ ಪಟಗಳ ನಡುವೆ ಇಟ್ಟು ಬಂದ. ಆಮೇಲೆ ಮಗಳು ನನ್ನನ್ನು ಪೂರ್ತಿ ತೊಳೆದು ಖಾಲಿ ಮಾಡಿದಳು. ರಾಕೆಟ್ಟೂ ಹೋಯಿತು. ನಾನು ಹುಬ್ಬಳ್ಳಿಯ ದಿನಗಳ ಹಾಗೆ ಚುರುಕಾದೆ. ವಿದ್ಯಾಶ್ರೀ ಖುಷಿಯಿಂದ ಕುಣಿದಳು. ಫಕೀರಪ್ಪ ಮಾತ್ರ ನನ್ನನ್ನು ಮತ್ತೆ ಎದೆಯ ಜೇಬಿಗೆ ಇಡಲಿಲ್ಲ.

ಆ ವಾರವೇ ಗದಗಿನ ಅದೇ ಅಂಗಡಿಗೆ ನನ್ನನ್ನು ಚೀಲದಲ್ಲಿ ಹಾಕಿಕೊಂಡು ಹೋದ. ಗುಂಡಿ ಒತ್ತುವ ಸಾದಾ ಫೋನೊಂದನ್ನು ಕೊಂಡ, ನನ್ನನ್ನು ಮಾರಲು ಮೇಜಿನ ಮೇಲಿಟ್ಟ. ಅಂಗಡಿಯವನು ಒತ್ತಿ ನೋಡಿ ಮೆಚ್ಚಿದ. ಪಕ್ಕದಲ್ಲಿ ನಿಂತಿದ್ದ ಒಬ್ಬ, ಮೈಗೆ ಗ್ರೀಸು ಮೆತ್ತಿದವನು, ನನ್ನನ್ನು ಎತ್ತಿಕೊಂಡ.

"ಇದನ್ನ ನನಗ ಕೊಡ್ರಿ. ನಾ ಬಾವ್ಯಾಗ ಇಳದು ಪಂಪ್ ರಿಪೇರಿ ಮಾಡಾಂವ. ನನಗ ಭಾಳ ಏನ್ ಬ್ಯಾಡ. ಮ್ಯಾಲ ಬಂದ ಮ್ಯಾಲ ಒಂದ್ ಮಿಸ್ ಕಾಲ್ ಹೋದ್ರ ಸಾಕು, ನಮ್ಮಾಂವ ಸ್ವಿಚ್ ಹಾಕ್ತಾನ."

ಇಂದು ಚುರುಕಾಗಿದ್ದೇನೆ, ಇವನ ಬಳಿಯೂ ಸೋಮವಾರಗಳು ಬರುತ್ತವೆ. ಫಕೀರಪ್ಪ ನನ್ನನ್ನು ಅವನ ಕೈಯಿಂದ ಕಿತ್ತುಕೊಂಡ.

"ಇದು ಮಾರೂದಲ್ಲರಿ."

"ಈಗರ ಮಾರಾಕ ಇಟ್ಟಿದ್ರಿ?"

"ತಪ್ಪಾತು. ಕೈ ಮುಗೀತೀನಿ, ಮಿಸ್ ಕಾಲ್ ನಂಬಬ್ಯಾಡ್ರಿ. ನಿಮ್ಮ ದನಿ ಕೇಳಿದ ಮ್ಯಾಲ ಸ್ವಿಚ್ ಹಾಕ್ ಅಂತ ಹೇಳ್ರಿ ನಿಮ್ಮಾಂವಗ."

ಅವನಿಗೆ ಅರ್ಥವಾಯಿತೋ ಇಲ್ಲವೋ. ಇವರ ತಲೆ ನೆಟ್ಟಗಿಲ್ಲ ಎಂಬಂತೆ ಅಂಗಡಿಯವನ ಕಡೆ ನೋಡಿದ. ಫಕೀರಪ್ಪ ಹೊರಗೆ ಬಂದು, ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ನನ್ನ ಸಿಮ್ಮನ್ನು ತೆಗೆದ. ಆವತ್ತಿನಿಂದ ನನ್ನಿಂದ ಯಾವ ಕರೆಯೂ ಎಲ್ಲಿಗೂ ಹೋಗಿಲ್ಲ.

ಈಗ ನಾನು ಅಡುಗೆಮನೆಯ ಗೂಡಿನಲ್ಲಿ, ಉಪ್ಪಿನ ಭರಣಿಯ ಪಕ್ಕದಲ್ಲಿದ್ದೇನೆ. ಎಸೆದುಬಿಡುತ್ತಾರೆ ಎಂದು ಒಂದು ಕಾಲದಲ್ಲಿ ಹೆದರುತ್ತಿದ್ದೆ. ನಂಬಿಬಿಡುತ್ತಾರೆ ಎನ್ನುವುದು ಅದಕ್ಕಿಂತ ದೊಡ್ಡ ಭಯ ಎಂದು ಈಗ ತಿಳಿದಿದೆ. ನೀಲವ್ವ ರೊಟ್ಟಿ ಬಡಿಯುವ ಮೊದಲು ಹಿಟ್ಟಿನ ಬೆರಳಿನಿಂದ ನನ್ನನ್ನು ಒತ್ತುತ್ತಾಳೆ, ವಿದ್ಯಾಶ್ರೀ ತುಂಬಿಕೊಟ್ಟ ಭಜನೆಯ ಪದ ಕೇಳುವುದಕ್ಕೆ. ವಯಸ್ಸಾಯಿತಲ್ಲ, ಒಮ್ಮೊಮ್ಮೆ ನನಗೆ ಮತ್ತೆ ಕೈಕಾಲು ಏಳುವುದಿಲ್ಲ. ಅವಳು ಕಾಯುವುದಿಲ್ಲ, ರೊಟ್ಟಿ ಬಡಿಯತೊಡಗುತ್ತಾಳೆ. ಎರಡನೆಯದೋ ಮೂರನೆಯದೋ ರೊಟ್ಟಿಯ ಹೊತ್ತಿಗೆ ಪದ ಶುರುವಾಗುತ್ತದೆ. ನಾನು ತಡಮಾಡಿದರೆ ಇಲ್ಲಿ ಪದವೊಂದೇ ತಡವಾಗುತ್ತದೆ, ಯಾರೂ ಸಾಯುವುದಿಲ್ಲ.