ಇಂಗ್ಗಿಹ್ ಎಂದ ಅಳಿಯ

ಕ್ಲಾತೆನ್ ಊರಿನ ಪ್ರವಿರೊಗೆ ಎರಡು ಹುಚ್ಚು. ಒಂದು, ಬೆರಳಿನ ಹಸಿರು ಕಲ್ಲಿನ ದಪ್ಪ ಬೆಳ್ಳಿ ಉಂಗುರ. ಇನ್ನೊಂದು, ಅಂಗಳದಲ್ಲಿದ್ದ, ಕಪ್ಪೆಯಂತೆ ಗುಂಡಗಿನ ಹಳೇ ಕಾರು. ಅದರ ಎಂಜಿನ್ ಕಿತ್ತು ಮೋಟರು, ಬ್ಯಾಟರಿ ಕೂರಿಸಿ ಕರೆಂಟಿನಲ್ಲಿ ಓಡಿಸುತ್ತಿದ್ದ. ಕೂರಿಸಿದವನು ಮನೆಅಳಿಯ ತ್ರಿಯೊನೊ. ಮೀಸೆ ತಿರುವಿದವನು ಮಾವ.

ಹಿಂದೊಮ್ಮೆ ನೆಂಟರ ಮುಂದೆ ಮಾವ, "ಬ್ರೇಕ್ ದೀಪದ ವೈರು ಆಯ್ತೇನೋ?" ಎಂದಾಗ ತ್ರಿಯೊನೊ "ಇನ್ನೂ ಇಲ್ಲ ಮಾವಾ" ಎಂದುಬಿಟ್ಟಿದ್ದ. ಮುದುಕ ಚಹಾದ ಲೋಟ ಕೆಳಗಿಟ್ಟ.

"ನಿಮ್ಮಪ್ಪ ಬೀದೀಲಿ ಸೋಯಾ ಟೆಂಪೆ ಮಾರೋದು ಕಲಿಸ್ದ, ಮಾತಾಡೋದು ಕಲಿಸ್ಲಿಲ್ಲ. ಈ ಮನೇಲಿ ಹಿರಿಯರಿಗೆ 'ಇಲ್ಲ' ಅನ್ನೋ ಹಾಗಿಲ್ಲ. ಏನು ಕೇಳಿದ್ರೂ 'ಇಂಗ್ಗಿಹ್' ಅನ್ಬೇಕು. ಎಲ್ಲಿ, ಅನ್ನು."

"ಇಂಗ್ಗಿಹ್."

"ಬಗ್ಗಿ ಅನ್ನೋ."

ಬಗ್ಗಿ ಅಂದ. ನೆಂಟರು ನಕ್ಕರು. ಹೆಂಡತಿ ಲಾರಾಸ್ ಕೂಡ ನಕ್ಕಳು, ಅವನ ಹೊಟ್ಟೆ ಉರಿದದ್ದು ಅದಕ್ಕೇ.

ಇಂಗ್ಗಿಹ್ ಅಂದರೆ ಹೌದು. ಕೇಳಿಸಿತು ಅಂತಲೂ ಆಗುತ್ತದೆ, ಬೈಯಬೇಡಿ ಅಂತಲೂ ಆಗುತ್ತದೆ. ಅಂದಿನಿಂದ ಅವನ ಬಾಯಲ್ಲಿ ಅದೊಂದೇ ಉಳಿಯಿತು.

ಈಗ ಇಲಿಗಳು ವೈರು ಕಡಿದು ಹಾಳು ಮಾಡಿದ್ದವು. ಎಲ್ಲವನ್ನೂ ಹೊಸದಾಗಿ ಎಳೆಯಬೇಕು. ಅದಕ್ಕೆ ಮುಂಚೆ ಸೀಟಿನಡಿಯ ಮುಖ್ಯ ಪ್ಲಗ್ ಕೀಳಬೇಕು, ಇಲ್ಲದಿದ್ದರೆ ಮೋಟರಿನ ಪೆಟ್ಟಿಗೆಯಲ್ಲಿ ಕರೆಂಟು ಹಾಗೇ ಇರುತ್ತದೆ. ಕೀಳಲು ಹೊರಟವನನ್ನು ಮಾವನೇ ಸಿಗರೇಟು ತರಲು ಅಟ್ಟಿದ. ಬಂದವನು ಮರೆತು ಕಾರಿನಡಿ ತೂರಿದ.

"ಪ್ಲಗ್ ಕಿತ್ತಿದ್ದೀಯೇನೋ?" ಮಾವ ಸ್ಪ್ಯಾನರ್ ಹಿಡಿದು ಪೆಟ್ಟಿಗೆಯ ಮೇಲೆ ಬಗ್ಗಿದ್ದ.

"ಇಂಗ್ಗಿಹ್."

ಮಾತು ಜಾರಿದ ಮೇಲೆ ನೆನಪಾಯಿತು. ಇಲ್ಲ ಮಾವಾ, ತಾಳಿ ಎಂದಿದ್ದರೆ ಮುಗಿಯುತ್ತಿತ್ತು. ಅದು ಗಂಟಲವರೆಗೂ ಬಂತು. ಅಷ್ಟರಲ್ಲಿ ಜಗುಲಿಯಲ್ಲಿ ಕೂತ ಲಾರಾಸಳ ಪಾದ ಕಂಡಿತು, ಅವಳ ಅಂದಿನ ನಗು ಮತ್ತೆ ಕಿವಿಯಲ್ಲಿ ಕೇಳಿಸಿತು. 'ಇಲ್ಲ' ಅನ್ನಬಾರದಲ್ಲ, ಎಂದುಕೊಂಡ. ಪಾಪಿ, ಬಾಯಿ ಮುಚ್ಚಿಕೊಂಡು ಕಾದ.

ಸ್ಪ್ಯಾನರ್ ಒಂದು ಬೋಲ್ಟಿಗೆ ತಾಗಿತು, ಉಂಗುರ ಇನ್ನೊಂದಕ್ಕೆ. ಕಣ್ಣು ಕುಕ್ಕುವ ಬೆಳಕು ಚಿಮ್ಮಿತು. ಬೆಳ್ಳಿ ಕರಗಿ ಬೆರಳಿಗೆ ಮೆತ್ತಿಕೊಂಡಿತು. ಹಸಿರು ಕಲ್ಲು ಸಿಡಿದು ಕೋಳಿಗಳ ನಡುವೆ ಬಿತ್ತು. ಒಂದು ಕೋಳಿ ಅದನ್ನು ಕುಕ್ಕಿ ನೋಡಿತು.

ಆಸ್ಪತ್ರೆಯಲ್ಲಿ ಬೆರಳು ತೆಗೆದರು. ಪ್ರವಿರೊ ಮೊದಲ ಸಲ ಅಳಿಯನನ್ನು ಮೆತ್ತಗೆ ಮಾತಾಡಿಸಿದ.

"ನೀನು ಮರ್ತಿದ್ದೆ, ಅಲ್ವೇನೋ ಮಗಾ?"

"ಇಂಗ್ಗಿಹ್."

ಮುದುಕನ ಮುಖ ಸಡಿಲವಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಕಣ್ಣು ಬಿಟ್ಟ. "ಅಥ್ವಾ ಗೊತ್ತಿದ್ದೂ ಸುಮ್ನಿದ್ದ್ಯಾ?"

"ಇಂಗ್ಗಿಹ್." ಅದೇ ದನಿ.

ಕಿತ್ತಳೆ ಸುಲಿಯುತ್ತಿದ್ದ ಲಾರಾಸಳ ಕೈ ನಿಂತಿತು.

"ಯಾವುದೋ ನಿಜ?" ಮುದುಕ ಮಂಚದಿಂದ ಅರ್ಧ ಎದ್ದ. "ಹೇಳೋ, ನಿನ್ ಕಾಲಿಗೆ ಬೀಳ್ತೀನಿ."

"ಇಂಗ್ಗಿಹ್, ಮಾವಾ," ಎಂದು ತ್ರಿಯೊನೊ ಬಗ್ಗಿದ.

ಲಾರಾಸ್ ಗಂಡನ ಪಕ್ಕದಲ್ಲಿದ್ದ ತನ್ನ ಕುರ್ಚಿಯನ್ನು ಅಪ್ಪನ ಮಂಚದ ಆಚೆ ಬದಿಗೆ ಎಳೆದುಕೊಂಡಳು.