ಚೌಕಾಸಿ ಮಾಡದ ಗಿರಾಕಿಗಳು

ಅರವತ್ತಾರನೇ ವಯಸ್ಸಿನಲ್ಲಿ ದೇವು ಮತ್ತೆ ಶಾಲೆಗೆ ಸೇರಿದ. ಶಾಲೆ ಎಂದರೆ ಮೊಬೈಲಿನಲ್ಲಿ, ಮಂಗಳವಾರ ಮಧ್ಯಾಹ್ನ ಮೂರಕ್ಕೆ. ಮರೆವಿನ ಕಾಯಿಲೆಯವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ ಎಂಟು ವಾರದ ಪಾಠ. ಸೇರಿಸಿದವಳು ಮುಂಬೈಯಲ್ಲಿರುವ ಮಗಳು ಸುಪ್ರೀತಾ. ನಾಲ್ಕನೇ ಕ್ಲಾಸಿಗೇ ಶಾಲೆಗೆ ಶರಣು ಹೊಡೆದವನು ಈಗ ಕೂತು ಹಾಜರಿ ಹೇಳಬೇಕು, ಕರ್ಮ ಅಂದರೆ ಇದೇ. ಗಂಗೊಳ್ಳಿ ಬಂದರಿನಲ್ಲಿ ನಲವತ್ತು ವರ್ಷ ಮೀನಿನ ಏಲಂ ಕೂಗಿದ ಗಂಟಲು ಅವನದು. ಮೊದಲ ದಿನ "ದೇವು ಇದ್ದೆ" ಅಂದದ್ದಕ್ಕೆ ಬ್ರಹ್ಮಾವರದಿಂದ ಪಾಠಕ್ಕೆ ಕೂತಿದ್ದವರೊಬ್ಬರ ಮನೆಯ ನಾಯಿ ಬೊಗಳಿತು. ಬೈಂದೂರಿನವರೊಬ್ಬರು ಮೊಬೈಲನ್ನು ಅಂಗಾತ ಇಟ್ಟು ಕೂರುತ್ತಿದ್ದರು. ಅವರ ಮುಖ ಯಾರೂ ಕಂಡದ್ದಿಲ್ಲ, ಕಂಡದ್ದು ಅವರ ಮನೆಯ ಫ್ಯಾನು ಮಾತ್ರ.

ಕಾಯಿಲೆ ದೇವುವಿನ ಹೆಂಡತಿ ಪದ್ದುವಿಗೆ. ಮೂವತ್ತು ವರ್ಷ ಬುಟ್ಟಿ ಹೊತ್ತು, ಬಸ್ಸು ಹತ್ತಿ, ಬ್ರಹ್ಮಾವರದಲ್ಲಿ ಮನೆ ಮನೆಗೆ ಮೀನು ಮಾರಿದ ಹೆಂಗಸು. ಈಗ ಕೆಲವು ದಿನ ಗಂಡನ ಗುರುತು ಸಿಗುತ್ತದೆ, ಕೆಲವು ದಿನ "ನೀವ್ ಯಾರ ಪೈಕಿ?" ಎಂದು ಕೇಳುತ್ತಾಳೆ. ಎರಡು ತಿಂಗಳ ಹಿಂದೆ ಖಾಲಿ ಬುಟ್ಟಿ ಹಿಡಿದು, ಬ್ರಹ್ಮಾವರದ ಬದಲು ಅಮಾಸೆಬೈಲಿನ ಬಸ್ಸು ಹತ್ತಿ ಹಾಲಾಡಿಯಲ್ಲಿ ಇಳಿದುಬಿಟ್ಟಿದ್ದಳು. ಸಂಜೆಯವರೆಗೆ ಹುಡುಕಿದ್ದಾಯಿತು. ವಿಷಯ ತಿಳಿದ ಸುಪ್ರೀತಾ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದಳು.

"ಅಪ್ಪ, ಇನ್ನೊಂದ್ ಸಲ ಹೀಂಗಾರೆ ಅಮ್ಮನ್ನ ಆಶ್ರಮಕ್ ಸೇರ್ಸುದೇ. ನಾನ್ ಮಾತಾಡಿ ಇಟ್ಟಾಯ್ತ್."

"ಆಯ್ತ್" ಅಂದ ದೇವು. ಫೋನು ಇಟ್ಟ ಮೇಲೆ ಪದ್ದು ಇಲ್ಲದ ಮನೆಯಲ್ಲಿ ಬೈಯುವುದಾದರೂ ಯಾರಿಗೆ ಎಂದು ಅವನಿಗೆ ನಿಜಕ್ಕೂ ಹೆದರಿಕೆಯಾಯಿತು. ಬಂದರಿಗೆ ಹೋಗುವುದನ್ನೇ ಬಿಟ್ಟು ಮನೆಯಲ್ಲಿ ಕೂತ.

ಮೂರನೇ ವಾರ ಪಾಠ ಮಾಡುವ ಶ್ರಾವ್ಯ ಮೇಡಂ ಎರಡು ಮಾತು ಹೇಳಿದರು. ಅವರಿಗೆ ರೂಢಿಯಿದ್ದ ಕೆಲಸ ಕೊಡಿ. ಅವರು ಏನೇ ಹೇಳಿದರೂ ವಾದ ಮಾಡಬೇಡಿ, ಹೌದು ಅನ್ನಿ. ದೇವು ಎರಡನ್ನೂ ಪಾಲಿಸಿದ, ಅದೂ ಏಲಂ ನಡೆಸುವವನ ಶಿಸ್ತಿನಲ್ಲಿ. ಬಂದರಿನಿಂದ ಅರ್ಧ ಬುಟ್ಟಿ ಬಂಗುಡೆ ತರಿಸಿ ಪದ್ದುವನ್ನು ಜಗಲಿಯಲ್ಲಿ ಕೂರಿಸಿದ. ಪಕ್ಕದ ಮನೆ ಕುಸುಮಳಿಗೂ ಕೇರಿಯ ಇನ್ನು ನಾಲ್ವರಿಗೂ ತಾಕೀತು ಮಾಡಿದ: "ಅವ್ಳ್ ಎಂತ ಹೇಳ್ರೂ ಹ್ಞೂಂ ಅನ್ಕ್. ಎದುರ್ ಮಾತಾಡೂಕಿಲ್ಲೆ."

ಪಾಪದ ಹೆಂಗಸರು ಅಕ್ಷರಶಃ ಹಾಗೆಯೇ ಮಾಡಿದರು. ಬಂದರು, ಹ್ಞೂಂ ಅಂದರು, ಕೊಟ್ಟ ಮೀನು ಹಿಡಿದು ಮೆಲ್ಲಗೆ ಹೋದರು. ತಾಜಾ ಇದೆಯೇ ಎಂದು ಯಾರೂ ಕಿವಿರು ಎತ್ತಿ ನೋಡಲಿಲ್ಲ. ಚೌಕಾಸಿ ಇಲ್ಲ, ಕೊಸರಾಟ ಇಲ್ಲ.

ಎರಡನೇ ದಿನ, ಸೋಮವಾರ, ಪದ್ದು ಬುಟ್ಟಿಗೆ ಎಲೆ ಮುಚ್ಚಿದಳು.

"ಕೇರಿಯಂಗೆ ಯಾರ್ ಸತ್ತದ್ದ್?" ಎಂದು ಕೇಳಿದಳು.

"ಯಾರೂ ಇಲ್ಲೆ ಮಾರಾಯ್ತಿ."

"ಸುಳ್ಳ್ ಹೇಳ್ಬೇಡಿ. ಸಾವಿನ್ ಮನೆಯರ್ ಮಾತ್ರ ಚೌಕಾಸಿ ಮಾಡುದಿಲ್ಲೆ."

ಎದ್ದು ಒಳಗೆ ಹೋಗಿ ಗ್ಯಾಸ್ ಒಲೆ ಆರಿಸಿದಳು. ಬೇಯುತ್ತಿದ್ದ ಅನ್ನವನ್ನು ಬಚ್ಚಲಿಗೆ ಸುರಿದಳು. ಕೇರಿಯಲ್ಲಿ ಹೆಣ ಇರುವಾಗ ಅಕ್ಕಪಕ್ಕದವರು ಒಲೆ ಹಚ್ಚುವುದಿಲ್ಲ, ಅದನ್ನು ಎತ್ತುವವರೆಗೆ ಉಣ್ಣುವುದಿಲ್ಲ. ಸಾಯದವರ ಹೆಣ ಎತ್ತುವುದು ಹೇಗೆ? ಆ ದಿನ ಪೂರ್ತಿ ಅವಳು ಒಂದು ತುತ್ತು ಮುಟ್ಟಲಿಲ್ಲ. ಮಂಗಳವಾರ ನೀರು ಕೊಟ್ಟರೂ ಬಾಯಿ ತಿರುಗಿಸಿದಳು. ದೇವು ಮೂರು ಗಂಟೆಯಾಗುವುದನ್ನೇ ಕಾದು ಕೂತ.

"ಮೇಡಂ, ನಾನ್ ನೀವ್ ಹೇಳ್ದ್ ಹಾಂಗೇ ಮಾಡ್ದೆ. ಹೆಣ್ತಿ ಉಪಾಸ ಬಿದ್ದಿತ್ತ್" ಎಂದು ಎಲ್ಲವನ್ನೂ ಹೇಳಿದ.

"ಮೊದಲು ಗಿರಾಕಿಗಳು ಅವರ ಹತ್ತಿರ ಹೇಗೆ ಮೀನು ತಗೊಳ್ತಿದ್ರು?" ಶ್ರಾವ್ಯ ಮೇಡಂ ಕೇಳಿದರು.

"ಜಗಳ ಮಾಡಿ."

ಬೈಂದೂರಿನ ಫ್ಯಾನು ತಿರುಗುತ್ತಿತ್ತು.

"ಹಾಗಾದ್ರೆ ಜಗಳ ಮಾಡಿ ನೋಡಿ. ನೀರೂ ಕುಡಿಯದಿದ್ರೆ ಸಂಜೆಗೇ ಡಾಕ್ಟರಿಗೆ ತೋರಿಸಿ" ಅಂದರು ಮೇಡಂ.

ಕೇರಿಯವರಿಗೆ ಮತ್ತೆ ಹೊಸ ಪಾಠ ಹೇಳಿಕೊಡುವಷ್ಟು ತಾಳ್ಮೆ ದೇವುವಿಗೆ ಇರಲಿಲ್ಲ. ಬುಟ್ಟಿಯನ್ನು ಪದ್ದುವಿನ ಮುಂದಿಟ್ಟು, ಹಿತ್ತಲಿನಿಂದ ಹೊರಬಿದ್ದು, ಕೈಚೀಲ ಹಿಡಿದು ಗಿರಾಕಿಯ ಹಾಗೆ ಗೇಟಿನಿಂದ ಒಳಗೆ ಬಂದ.

"ಹ್ವಾಯ್, ಇದೆಂತ, ನಿನ್ನೆ ಮೀನಾ?"

ಪದ್ದು ತಲೆ ಎತ್ತಿದಳು. ಗುರುತಿನ ಸುಳಿವೂ ಇರಲಿಲ್ಲ.

"ನಿನ್ನೆದಾ? ಕಣ್ಣ್ ಕಾಣುದಿಲ್ಯಾ ನಿಮ್ಗೆ? ಕಿವಿರ್ ಎತ್ತಿ ಕಾಣಿ."

"ಕಂಡೆ. ಬಣ್ಣ ಹೋಯ್ತ್. ನಮ್ಮನಿ ಬೆಕ್ಕೂ ಮುಟ್ಟುದಿಲ್ಲೆ ಇದ್ನ."

"ಹಾಂಗಾರ್ ಬೆಕ್ಕನ್ನೇ ಕಳ್ಸಿ. ನಿಮ್ಕಿಂತ ಅದಕ್ಕೇ ಮೀನ್ ಗೊತ್ತಿಪ್ಪುದ್."

ಅರ್ಧ ಗಂಟೆ ನಡೆಯಿತು ನೋಡಿ. ಸೆರಗು ಸೊಂಟಕ್ಕೆ ಸಿಕ್ಕಿಸಿ ಪದ್ದು ಅವನ ಜನ್ಮ ಜಾಲಾಡಿದಳು. ಬಂದರಿನಲ್ಲಿ ಯಾರಿಗೂ ಸೋಲದ ದೇವು ಸರಿಯಾಗಿ ಸೋತ. ಖುಷಿಯೋ ಖುಷಿ ಅವನಿಗೆ. ಬೈದು ಬೈದು ಬಾಯಾರಿ, ಅವಳೇ ಚೊಂಬು ಎತ್ತಿ ಗಟಗಟ ನೀರು ಕುಡಿದಳು.

ಮೀನು ಅವನ ಚೀಲಕ್ಕೆ ಸುರಿದು ಪದ್ದು ಖಾಲಿ ಬುಟ್ಟಿ ಎತ್ತಿಕೊಂಡಳು. "ನಾನ್ ಮನಿಗ್ ಹೋತೆ. ನಮ್ಮವ್ರ್ ಬಂದರಿಂದ ಬಪ್ಪ ಹೊತ್ತಾಯ್ತ್" ಎಂದು ನೇರ ಗೇಟಿನ ಕಡೆ ನಡೆದಳು.

ದೇವು ಹಿಂದೆಯೇ ಓಡಿದ. ಗೇಟು ದಾಟಿದರೆ ರಸ್ತೆ, ರಸ್ತೆಯಲ್ಲಿ ಬಸ್ಸು. ಇದೇ ನಿನ್ನ ಮನೆ ಅಂದರೆ ಅವಳು ಕೇಳುವುದಿಲ್ಲ, ಕೈ ಹಿಡಿದರೆ ಬೊಬ್ಬೆ ಹೊಡೆಯುತ್ತಾಳೆ.

"ನಾನೂ ಆ ಬದಿಗೇ ಹೋಪುದ್. ಒಟ್ಟಿಗೆ ಹೋಪ, ಬುಟ್ಟಿ ಕೊಡಿ" ಅಂದ.

ಇಬ್ಬರೂ ಬಾವಿಕಟ್ಟೆ ಬಳಸಿ, ತೆಂಗಿನ ಮರಗಳ ಸಂದಿಯಲ್ಲಿ ಮನೆಗೆ ಒಂದು ಸುತ್ತು ಬಂದು ಹಿಂಬಾಗಿಲಿಗೆ ತಲುಪಿದರು.

"ಬಂತ್ ನಮ್ಮನಿ" ಅಂದಳು ಪದ್ದು. "ನೀವಿನ್ ಹೊರಡಿ. ನಮ್ಮವ್ರ್ ಕಂಡ್ರೆ ಸಮ ಆತಿಲ್ಲೆ." ಬುಟ್ಟಿಯನ್ನೂ ಮೀನಿನ ಚೀಲವನ್ನೂ ಕಸಿದುಕೊಂಡು ಬಾಗಿಲು ಹಾಕಿದಳು.

ತನ್ನದೇ ಹಿತ್ತಲಿನಲ್ಲಿ ದೇವು ಪರಕೀಯನಾಗಿ ನಿಂತ. ಒಳಗೆ ಗ್ಯಾಸ್ ಹಚ್ಚಿದ ಸದ್ದಾಯಿತು. ಸಾಕಷ್ಟು ಹೊತ್ತು ಬಿಟ್ಟು ಎದುರಿನಿಂದ ಬಂದು, ಕೆಮ್ಮಿ, ಕಾಲು ತೊಳೆದ.

"ತಡ ಆಯ್ತಲೆ" ಅಂದಳು ಪದ್ದು. "ಕೂಕಣಿ. ಗಂಜಿ ಬಡಿಸ್ತೆ."

ಅವನಿಗೆ ಬಡಿಸಿ ತಾನೂ ಕೂತು ಉಂಡಳು. ಅವಳ ಬಟ್ಟಲು ಖಾಲಿಯಾಗುವವರೆಗೆ ದೇವು ಉಸಿರು ಬಿಡಲಿಲ್ಲ.

"ಇವತ್ತ್ ಒಬ್ರ್ ಬಂದಿದ್ರ್" ಅಂದಳು. "ಜಗಳಗಂಟ. ಆದ್ರೂ ಬುಟ್ಟಿ ಹೊತ್ಕಂಡ್ ಮನೆ ತನಕ ಬಿಟ್ಟ್ ಹೋದ್ರ್. ನೀವ್ ಒಂದ್ ದಿನ ನನ್ ಬುಟ್ಟಿ ಮುಟ್ಟಿದ್ದಿತ್ತಾ?"

ದೇವು ಯೋಚಿಸಿ ನೋಡಿದ. ಮುಟ್ಟಿದ್ದಿರಲಿಲ್ಲ.

"ಇಲ್ಲೆ" ಅಂದ. ಅವನಿಗೆ ಆ ಮನುಷ್ಯನ ಮೇಲೆ ಹೊಟ್ಟೆಕಿಚ್ಚಾಯಿತು.

"ನಾಳೆ ಬಂದ್ರೆ ಅವ್ರಿಗೊಂದ್ ಚಾ ಕೊಡ್ಕ್" ಅಂದಳು ಪದ್ದು.

"ಕೊಡ್" ಅಂದ ದೇವು.